ಮಿಕವೂ ಕಲಿಯುತ್ತದೆ

2002ರ ಫೆಬ್ರವರಿಯಲ್ಲಿ ಜಪಾನಿನ ಅಂಗಡಿಗಳಿಗೆ ಒಂದು ವಿಚಿತ್ರ ವಿಡಿಯೊ ಗೇಮ್ ಬಂತು. ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ ಯಂತ್ರದಲ್ಲಿ ಆಡುವ ಆಟ. ಜಪಾನಿನಲ್ಲಿ ಅದರ ಹೆಸರು ದೋಬುತ್ಸು ಬಾಂಚೋ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕಕ್ಕೆ ಬಂದಾಗ ಕ್ಯೂಬಿವೋರ್ ಎಂದು ಹೆಸರಾಯಿತು. ಮೊದಲು ಇದನ್ನು ನಿಂಟೆಂಡೊ 64 ಎಂಬ ಹಳೆಯ ಯಂತ್ರಕ್ಕೆ ಜೋಡಿಸುವ ಡಿಸ್ಕ್ ಡ್ರೈವ್‌ಗಾಗಿ ಮಾಡಲು ಹೊರಟಿದ್ದರು. ಆ ಡ್ರೈವ್ ವ್ಯಾಪಾರದಲ್ಲಿ ಸೋತಿತು, ಆಟ ಹೊಸ ಯಂತ್ರಕ್ಕೆ ವಲಸೆ ಹೋಯಿತು. ಸಾರು ಬ್ರೂನೈ ಎಂಬ ತಂಡ ಮತ್ತು ಇಂಟೆಲಿಜೆಂಟ್ ಸಿಸ್ಟಮ್ಸ್ ಎಂಬ ಅನುಭವಿ ಸಂಸ್ಥೆ ಕೂಡಿ ಕಟ್ಟಿದ ಆಟ ಇದು. ಅಮೆರಿಕದಲ್ಲಿ ಇದನ್ನು ಹೊರತಂದದ್ದು ನಿಂಟೆಂಡೊ ಅಲ್ಲ, ಅಟ್ಲಸ್ ಎಂಬ ಇನ್ನೊಂದು ಕಂಪನಿ. ಬಹಳ ಜನ ಆಡಿದ ಆಟವೇನಲ್ಲ. ಆದರೆ ಪ್ರಾಣಿ ತಿನ್ನುವುದಕ್ಕೂ ಅದರ ಮೈ ಬದಲಾಗುವುದಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿಕೊಂಡ ಆಟ ನನಗೆ ತಿಳಿದಂತೆ ಇನ್ನೊಂದಿಲ್ಲ. ಜೀವಶಾಸ್ತ್ರ ಕಲಿಸಿಕೊಂಡು ಬಂದ ನನಗೆ ಇದು ಆಟಿಕೆಯ ಮಾತಾಗಿ ಉಳಿದಿಲ್ಲ. ಅದಕ್ಕೇ ಇವತ್ತು ಇದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಟದ ಲೋಕದಲ್ಲಿ ಪ್ರಾಣಿಗಳೆಲ್ಲ ಚೌಕ ಪೆಟ್ಟಿಗೆಗಳು. ದುಂಡನೆಯ ಮೈ, ತುಪ್ಪಳ, ಬಾಲ ಯಾವುದೂ ಇಲ್ಲ. ಶುರುವಿನಲ್ಲಿ ನೀವೂ ಒಂದು ಪುಟ್ಟ ಚೌಕ. ಮುಖ ಹೆಚ್ಚುಕಡಿಮೆ ಹಂದಿಮರಿಯದು. ಕೈ ಎನ್ನಿ, ಕಾಲು ಎನ್ನಿ, ನಿಮಗಿರುವುದು ಒಂದೇ ಒಂದು ಚಪ್ಪಟೆ ಅಂಗ. ಅದನ್ನೇ ನೆಲಕ್ಕೆ ಬಡಿಯುತ್ತ, ಎಗರುತ್ತ, ಉರುಳುತ್ತ ಮುಂದೆ ಹೋಗಬೇಕು. ಸುತ್ತ ನಿಮಗಿಂತ ದೊಡ್ಡ ಚೌಕಗಳು, ಸಣ್ಣ ಚೌಕಗಳು. ಸಣ್ಣದರ ಮೇಲೆ ಹಾರಿ ಕಚ್ಚಬೇಕು. ಅದರ ಶಕ್ತಿ ಉಡುಗಿದಾಗ ಅಂಗವೊಂದನ್ನು ಬಾಯಲ್ಲಿ ಭದ್ರವಾಗಿ ಹಿಡಿದು, ಜಗ್ಗಿ ಕಿತ್ತು ನುಂಗಬೇಕು. ರಕ್ತ ಹರಿಯುವುದಿಲ್ಲ, ಕೂಗಾಟ ಕೇಳುವುದಿಲ್ಲ. ಆದರೂ ಆ ಜಗ್ಗಾಟದಲ್ಲಿ ಬೇಟೆಯ ಬರ್ಬರತೆ ಇದೆ. ಅದನ್ನು ಆಟ ಮರೆಮಾಚುವುದಿಲ್ಲ.

ಕಿತ್ತ ಅಂಗಕ್ಕೆ ಒಂದು ಬಣ್ಣ ಇರುತ್ತದೆ. ನುಂಗಿದ ಬಣ್ಣ ನಿಮ್ಮ ಮೈಗೆ ಬರುತ್ತದೆ. ಎರಡು ಬಣ್ಣ ಬೆರೆತಾಗ ಮೈಯ ಆಕಾರವೇ ಬದಲಾಗುತ್ತದೆ. ಒಂದು ಬೆರಕೆಯಿಂದ ವೇಗದ ಮೈ, ಇನ್ನೊಂದರಿಂದ ಬಲದ ಮೈ. ಹೀಗೆ 100 ರೂಪಗಳನ್ನು ತಾಳಿದ ಮೇಲೆಯೇ ಕೊನೆಯ ಶತ್ರುವನ್ನು ಎದುರಿಸುವ ಅರ್ಹತೆ. ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು. ಬಣ್ಣವನ್ನೂ ರೂಪವನ್ನೂ ಒಂದೇ ಜನ್ಮದಲ್ಲಿ ತಿಂದು ಪಡೆಯಬಹುದು, ಆದರೆ ಹೊಸ ಅಂಗ ತಿಂದರೆ ಸಿಗುವುದಿಲ್ಲ. ಹೆಣ್ಣನ್ನು ಹುಡುಕಿ ಕೂಡಬೇಕು. ಹುಟ್ಟುವ ಮರಿಗೆ ಅಪ್ಪನಿಗಿಂತ ಒಂದು ಅಂಗ ಹೆಚ್ಚು. ಅಲ್ಲಿಂದ ನೀವು ಆಡುವುದು ಆ ಮರಿಯಾಗಿ. ಅಪ್ಪನ ಕಥೆ ಅಲ್ಲಿಗೆ ಮುಗಿಯಿತು.

ಕಥೆ ಎಂದು ಹೇಳಲು ಇರುವುದು ಇಷ್ಟು. ಒಂದು ಕ್ರೂರ ಚೌಕ ಮತ್ತು ಅದರ ಬೆಂಬಲಿಗರು ಕಾಡಿನ ಸತ್ತ್ವವನ್ನೇ ಹೀರಿಬಿಟ್ಟಿದ್ದಾರೆ. ಹುಲ್ಲು ಕಡಿಮೆಯಾಗುತ್ತ ಬಂದಿದೆ, ಪ್ರಾಣಿಗಳ ಬಣ್ಣ ಮಾಸುತ್ತ ಬಂದಿದೆ. ಅವರು ಕಬಳಿಸಿದ್ದನ್ನು ಮತ್ತೆ ನೆಲಕ್ಕೆ ಮರಳಿಸುವುದು ನಿಮ್ಮ ವಂಶದ ಕೆಲಸ. ಒಬ್ಬನ ಕೆಲಸವಲ್ಲ, ವಂಶದ್ದು.

ತಿಂದು ಬೆಳೆಯುವ ಆಟಗಳು ಇದಕ್ಕೆ ಮೊದಲೂ ಇದ್ದವು, ಆಮೇಲೂ ಬಂದವು. ನಮ್ಮಲ್ಲಿ ಮೊಬೈಲ್ ಮನೆಮನೆಗೆ ಬಂದ ಕಾಲದಲ್ಲಿ ನೋಕಿಯಾ ಫೋನಿನ ಹಾವಿನಾಟ ಆಡದ ಮಕ್ಕಳು ಕಡಿಮೆ. ತಿಂದಷ್ಟೂ ಉದ್ದವಾಗುವ ಹಾವು ಕೊನೆಗೆ ತನ್ನ ಮೈಗೇ ತಾನು ಡಿಕ್ಕಿ ಹೊಡೆದು ಸಾಯುತ್ತಿತ್ತು. 2012ರಲ್ಲಿ ಬಂದ ಹಂಗ್ರಿ ಶಾರ್ಕ್ ಎವಲ್ಯೂಷನ್ ಅನ್ನು ಈಗಲೂ ಎಷ್ಟೋ ಮಕ್ಕಳು ಅಪ್ಪಂದಿರ ಫೋನಿನಲ್ಲಿ ಆಡುತ್ತಾರೆ. ಅದರಲ್ಲಿ ಮೀನೂ ತಿಂಡಿ, ಈಜಲು ಬಂದ ಮನುಷ್ಯನೂ ತಿಂಡಿ. ವಿಕಾಸ ಎನ್ನುವುದು ಅಲ್ಲಿ ಹೆಸರಿಗೆ ಮಾತ್ರ. ನಾಣ್ಯ ಕೂಡಿಸಿ ಇನ್ನೂ ದೊಡ್ಡ ಶಾರ್ಕ್ ಕೊಳ್ಳುವುದನ್ನು ವಿಕಾಸ ಎಂದು ಕರೆದಿದ್ದಾರೆ.

ಈ ಸಾಲಿನ ಹಿರಿಯ ಆಟ ಎಂದರೆ ಎನಿಕ್ಸ್ ಕಂಪನಿ 1992ರಲ್ಲಿ ಜಪಾನಿನಲ್ಲಿ ಹೊರತಂದ ಇ.ವಿ.ಒ. ಕ್ಯೂಬಿವೋರ್‌ಗಿಂತ ಹತ್ತು ವರ್ಷ ಹಳೆಯದು. ಭೂಮಿತಾಯಿ ಗಾಯಾ ನಿಮ್ಮನ್ನು ಮೀನಾಗಿ ಸಮುದ್ರಕ್ಕೆ ಬಿಡುತ್ತಾಳೆ. ಕಚ್ಚಿ ಕೊಂದು ಮಾಂಸ ತಿಂದರೆ ಅಂಕ ಸಿಗುತ್ತದೆ. ಅಂಕ ಕೊಟ್ಟು ದವಡೆ, ಕೊಂಬು, ರೆಕ್ಕೆ, ಬಾಲ ಕೊಳ್ಳಬೇಕು. ಮೀನಿನಿಂದ ಉಭಯವಾಸಿ, ಅಲ್ಲಿಂದ ಡೈನೊಸಾರ್, ಅಲ್ಲಿಂದ ಸಸ್ತನಿ ಎಂದು ಯುಗ ಯುಗ ದಾಟಿಕೊಂಡು ಹೋಗಬೇಕು. ಅದರಲ್ಲೊಂದು ತಮಾಷೆಯ ನಿಯಮವಿತ್ತು. ಯಾವುದೇ ಹೊಸ ಅಂಗ ಕೊಂಡ ಕೂಡಲೇ ಗಾಯಗಳೆಲ್ಲ ಮಾಯವಾಗಿ ಪೂರ್ತಿ ಆಯಸ್ಸು ಮರಳುತ್ತಿತ್ತು. ಆದ್ದರಿಂದ ಸೋಲುತ್ತಿರುವ ಕಾದಾಟದ ನಡುವೆ ಮಕ್ಕಳು ಕೊಂಬು ಬದಲಾಯಿಸಿ ಬದುಕಿಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಆಟಗಳ ವಿನ್ಯಾಸಕ ವಿಲ್ ರೈಟ್ ಅವರ ಸ್ಪೋರ್, 2008ರಲ್ಲಿ. ಏಕಕೋಶ ಜೀವಿಯಿಂದ ಹಿಡಿದು ಅಂತರಿಕ್ಷ ಯಾನದವರೆಗಿನ ಹಾದಿಯನ್ನು ಆ ಒಂದೇ ಆಟದಲ್ಲಿ ನಡೆಯಬಹುದಿತ್ತು. ಅಮೆರಿಕದ ಸೈನ್ಸ್ ಪತ್ರಿಕೆಯವರು ವಿಕಾಸ ವಿಜ್ಞಾನಿಗಳನ್ನು ಕೂರಿಸಿಕೊಂಡು ಈ ಆಟ ಆಡಿ, ವಿಜ್ಞಾನದ ವಿಷಯದಲ್ಲಿ ಅದನ್ನು ನಪಾಸು ಮಾಡಿದರು. ಅವರ ತಕರಾರು ನ್ಯಾಯವಾದದ್ದೇ. ಆಡುವವನು ಕುಳಿತಲ್ಲೇ ಪ್ರಾಣಿಗೆ ಕಣ್ಣು ಅಂಟಿಸಿ ಕಾಲು ಕಿತ್ತು ಹಾಕಬಹುದಾದರೆ ಅದು ವಿನ್ಯಾಸ ಆಯಿತೇ ಹೊರತು ವಿಕಾಸ ಆಗಲಿಲ್ಲ. ವಿಕಾಸ ನಡೆಯುವುದು ಒಂದು ಪ್ರಾಣಿಯ ಜೀವಮಾನದಲ್ಲಲ್ಲ. ಹುಟ್ಟುವ ಮರಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸವಿರುತ್ತದೆ. ಕೆಲವು ಉಳಿದು ಮರಿ ಹಾಕುತ್ತವೆ, ಕೆಲವು ಅದಕ್ಕೆ ಮೊದಲೇ ಸಾಯುತ್ತವೆ. ಉಳಿದವುಗಳ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಇಷ್ಟೇ ಅದರ ಕ್ರಮ. ಯಾರೂ ಅಂಕ ಕೊಟ್ಟು ದವಡೆ ಕೊಳ್ಳುವುದಿಲ್ಲ.

ಹಾಗಾದರೆ ಕ್ಯೂಬಿವೋರ್‌ನ ಮೇಲೂ ಇದೇ ತಕರಾರು ಹೂಡಬಹುದಲ್ಲ ಎಂದು ನೀವು ಕೇಳಬಹುದು. ಹೂಡಬಹುದು. ಕೆಂಪು ತಿಂದರೆ ಕೆಂಪಾಗುವುದು ವಿಕಾಸವಲ್ಲ. ಆದರೆ ತಿಂದದ್ದು ಮೈಯಲ್ಲಿ ಅಂಗವಾಗಿ ನಿಲ್ಲುವುದು ಸುಳ್ಳೇ ಎಂದು ಕೇಳಿದರೆ, ಪ್ರಕೃತಿ ಕೊಡುವ ಉತ್ತರ ಬೆರಗು ಹುಟ್ಟಿಸುತ್ತದೆ.

ಈ ಆಟ ಹುಟ್ಟಿದ ಜಪಾನಿನಲ್ಲೇ ಒಂದು ಹಾವಿದೆ. ಅಲ್ಲಿಯವರು ಅದನ್ನು ಯಾಮಾಕಾಗಾಶಿ ಎನ್ನುತ್ತಾರೆ. ಗದ್ದೆ, ಹೊಳೆ ದಂಡೆಗಳಲ್ಲಿ ಕಾಣುವ ಹಾವು, ಕಪ್ಪೆಯೇ ಅದರ ಮುಖ್ಯ ಆಹಾರ. ಅದರ ಕತ್ತಿನ ಚರ್ಮದ ಅಡಿಯಲ್ಲಿ ಸಾಲಾಗಿ ಗ್ರಂಥಿಗಳಿವೆ. ಅವುಗಳಲ್ಲಿ ಹೃದಯದ ಬಡಿತ ಕೆಡಿಸುವ ವಿಷ ತುಂಬಿರುತ್ತದೆ. ಆ ವಿಷ ಹಾವು ತಯಾರಿಸಿದ್ದಲ್ಲ. ನೆಲಗಪ್ಪೆಯ ಚರ್ಮದಲ್ಲಿರುವ ವಿಷ ಅದು. ಕಪ್ಪೆಯನ್ನು ನುಂಗಿ, ವಿಷವನ್ನು ಬೇರೆ ಮಾಡಿ, ಕತ್ತಿನ ಗ್ರಂಥಿಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು 2007ರಲ್ಲಿ ಇದನ್ನು ಸಾಧಿಸಿ ತೋರಿಸಿದ ಬಗೆ ಬಹಳ ಚೆನ್ನಾಗಿದೆ. ಜಪಾನಿನಲ್ಲಿ ಕಿಂಕಾಸಾನ್ ಎಂಬ ದ್ವೀಪವಿದೆ, ಅಲ್ಲಿ ನೆಲಗಪ್ಪೆಗಳಿಲ್ಲ. ಇಶಿಮಾ ಎಂಬ ಇನ್ನೊಂದು ದ್ವೀಪವಿದೆ, ಅಲ್ಲಿ ನೆಲಗಪ್ಪೆಗಳು ಯಥೇಚ್ಛ. ಎರಡೂ ಕಡೆ ಇದೇ ಜಾತಿಯ ಹಾವು. ಕಿಂಕಾಸಾನ್‌ನ ಹಾವುಗಳ ಕತ್ತಿನಲ್ಲಿ ಆ ವಿಷ ಇರಲಿಲ್ಲ, ಇಶಿಮಾದ ಹಾವುಗಳ ಕತ್ತಿನಲ್ಲಿ ಧಾರಾಳವಾಗಿತ್ತು. ನಡವಳಿಕೆಯೂ ಬೇರೆ. ನೆಲಗಪ್ಪೆ ತಿನ್ನುವ ಹಾವು ಶತ್ರು ಬಂದಾಗ ಓಡದೆ ಕತ್ತನ್ನು ಬಗ್ಗಿಸಿ, ಕಚ್ಚುವುದಾದರೆ ಇಲ್ಲೇ ಕಚ್ಚು ಎನ್ನುವಂತೆ ತೋರಿಸುತ್ತದೆ. ಕಪ್ಪೆಯ ವಿಷ ಕಾಣದ ದ್ವೀಪದ ಹಾವು ಹೆಚ್ಚಾಗಿ ಪಲಾಯನ ಮಾಡುತ್ತದೆ. ತಾಯಿಯ ಮೈಯಲ್ಲಿದ್ದ ವಿಷ ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ. ಇನ್ನೂ ಒಂದು ನೆಲಗಪ್ಪೆಯನ್ನೂ ನುಂಗಿರದ ಮರಿ ಅಮ್ಮ ತಿಂದ ಕಪ್ಪೆಯಿಂದ ರಕ್ಷಣೆ ಪಡೆದುಕೊಂಡು ಹುಟ್ಟುತ್ತದೆ. ಒಂದು ಪೀಳಿಗೆ ತಿಂದದ್ದು ಮುಂದಿನ ಪೀಳಿಗೆಯ ಮೈಗೆ ಬರುವ ಈ ಸಂಗತಿಯ ಮುಂದೆ ಚೌಕ ಪ್ರಾಣಿಗಳ ಆಟ ಅಷ್ಟೇನೂ ಅಸಂಬದ್ಧವಾಗಿ ಕಾಣುವುದಿಲ್ಲ.

ಸಮುದ್ರದಲ್ಲಿ ಚಿಪ್ಪಿಲ್ಲದ ಕೆಲವು ಬಸವನಹುಳುಗಳಿವೆ. ಅವು ಚುಚ್ಚುವ ಕಣಗಳಿರುವ ಜೀವಿಗಳನ್ನು ತಿಂದು, ಆ ಕಣಗಳನ್ನು ಕೆಡದಂತೆ ತಮ್ಮ ಬೆನ್ನಿನ ತುದಿಗಳಿಗೆ ಸಾಗಿಸಿ ಅಸ್ತ್ರ ಮಾಡಿಕೊಳ್ಳುತ್ತವೆ. ಇನ್ನೂ ಹಿಂದಕ್ಕೆ ಹೋಗಿ. ನಮ್ಮ ಬಹುತೇಕ ಜೀವಕಣಗಳೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಇವೆ. ಅವು ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು, ಇನ್ನೊಂದು ಕಣದ ಒಳಗೆ ಸೇರಿ ಜೀರ್ಣವಾಗದೆ ಅಲ್ಲೇ ನೆಲೆಸಿದವು ಎಂದು ಜೀವವಿಜ್ಞಾನಿ ಲಿನ್ ಮಾರ್ಗ್ಯುಲಿಸ್ 1967ರಲ್ಲಿ ವಾದಿಸಿದರು. ಆ ಲೇಖನವನ್ನು ಹತ್ತಾರು ಪತ್ರಿಕೆಗಳು ತಿರಸ್ಕರಿಸಿದ್ದವು. ಈಗ ಅದು ಪಠ್ಯಪುಸ್ತಕದ ಪಾಠ. ನೀವು ಈ ಮಾತು ಕೇಳುತ್ತ ಕುಳಿತಿರುವ ಈ ಕ್ಷಣ ನಿಮಗೆ ಶಕ್ತಿ ಕೊಡುತ್ತಿರುವುದು ಆ ಜೀರ್ಣವಾಗದ ತುತ್ತೇ.

ಇಷ್ಟರ ಮಟ್ಟಿಗೆ ನಾನು ಆಟದ ಪರ. ಇನ್ನು ಅದು ಬಿಟ್ಟುಹೋದ ಸಂಗತಿಗೆ ಬರುತ್ತೇನೆ. ಕ್ಯೂಬಿವೋರ್ ಮಾತ್ರವಲ್ಲ, ನಾನು ಹೆಸರಿಸಿದ ಆಟಗಳೆಲ್ಲ ಬಿಟ್ಟುಹೋದ ಸಂಗತಿ ಅದು.

ಈ ಆಟಗಳಲ್ಲಿ ಬೇಟೆಗಾರ ಕಲಿಯುತ್ತಾನೆ, ಮಿಕ ಕಲಿಯುವುದಿಲ್ಲ. ನನ್ನ ದವಡೆ ದೊಡ್ಡದಾಗುತ್ತ ಹೋದಂತೆ ನಾನು ತಿನ್ನುವ ಪ್ರಾಣಿಯ ಚರ್ಮ ದಪ್ಪವಾಗುವುದಿಲ್ಲ. ನಾನು ವೇಗವಾದರೆ ಅದರ ಮಕ್ಕಳು ನನಗಿಂತ ವೇಗವಾಗುವುದಿಲ್ಲ. ಮಿಕ ಎಂದರೆ ಓಡಾಡುವ ಮಾಂಸ, ಅಷ್ಟೇ. ನಿಜವಾದ ಪ್ರಾಣಿಲೋಕದಲ್ಲಿ ಬದಲಾಗುವ ಒತ್ತಡ ಹೆಚ್ಚಿರುವುದು ತಿನ್ನಿಸಿಕೊಳ್ಳುವವರ ಮೇಲೆ. ಜೀವವಿಜ್ಞಾನಿಗಳಾದ ರಿಚರ್ಡ್ ಡಾಕಿನ್ಸ್ ಮತ್ತು ಜಾನ್ ಕ್ರೆಬ್ಸ್ 1979ರಲ್ಲಿ ಇದನ್ನು ಈಸೋಪನ ಒಂದು ನೀತಿಕಥೆಯ ನೆನಪಿನಲ್ಲಿ ವಿವರಿಸಿದರು. ನರಿ ಸೋತರೆ ಒಂದು ಹೊತ್ತಿನ ಊಟ ತಪ್ಪುತ್ತದೆ, ನಾಳೆ ಮತ್ತೆ ಪ್ರಯತ್ನಿಸಬಹುದು. ಮೊಲ ಸೋತರೆ ನಾಳೆ ಎಂಬುದೇ ಇಲ್ಲ. ಆದ್ದರಿಂದ ನಿಧಾನವಾಗಿ ಓಡುವ ಮೊಲದ ಗುಣ ಬೇಗ ಅಳಿಯುತ್ತದೆ, ನಿಧಾನದ ನರಿಯ ಗುಣ ಅಷ್ಟು ಬೇಗ ಅಳಿಯುವುದಿಲ್ಲ.

ಈ ಮಾತಿಗೆ ಕಲ್ಲಿನಲ್ಲಿ ಸಾಕ್ಷಿ ಇದೆ. ಚೀನಾದ ಶಾನ್‌ಸಿ ಪ್ರಾಂತ್ಯದಲ್ಲಿ ಸಿಕ್ಕ ಕ್ಲೌಡಿನಾ ಎಂಬ ಪಳೆಯುಳಿಕೆ ಸುಮಾರು 55 ಕೋಟಿ ವರ್ಷಗಳಷ್ಟು ಹಳೆಯದು. ಸಣ್ಣ ಕೊಳವೆಯಂಥ ಗಟ್ಟಿ ಹೊದಿಕೆ ಇದ್ದ ಜೀವಿ. ಆ ಹೊದಿಕೆಗಳಲ್ಲಿ ದುಂಡಗೆ ಕೊರೆದ ತೂತುಗಳಿವೆ ಎಂದು 1992ರಲ್ಲಿ ಸ್ಟೀಫನ್ ಬೆಂಗ್ಟ್‌ಸನ್ ಮತ್ತು ಅವರ ಚೀನೀ ಸಹೋದ್ಯೋಗಿ ಪ್ರಕಟಿಸಿದರು. ದೊಡ್ಡ ಕೊಳವೆಗೆ ದೊಡ್ಡ ತೂತು, ಸಣ್ಣದಕ್ಕೆ ಸಣ್ಣ ತೂತು. ಯಾವುದೋ ಜೀವಿ ಆರಿಸಿ ಆರಿಸಿ ಕೊರೆದಿದೆ. ಬೇಟೆಯ ಅತ್ಯಂತ ಹಳೆಯ ಗುರುತುಗಳಲ್ಲಿ ಇದೂ ಒಂದು. ಕೊರೆದವನ ಪಳೆಯುಳಿಕೆ ಮಾತ್ರ ಸಿಕ್ಕಿಲ್ಲ.

ಇಂಥ ತೂತನ್ನು ನೋಡಲು ಚೀನಾಕ್ಕೇ ಹೋಗಬೇಕಾಗಿಲ್ಲ. ಕಾರವಾರದಲ್ಲೋ ಮಲ್ಪೆಯಲ್ಲೋ ಮರಳಿನ ಮೇಲೆ ಬಿದ್ದ ಚಿಪ್ಪುಗಳನ್ನು ಆರಿಸುವಾಗ ನೋಡಿ. ಕೆಲವು ಚಿಪ್ಪುಗಳಲ್ಲಿ ಅಂಚು ನುಣುಪಾದ, ದುಂಡನೆಯ ಒಂದೇ ಒಂದು ತೂತು ಇರುತ್ತದೆ. ಮಕ್ಕಳು ಅದಕ್ಕೆ ದಾರ ಪೋಣಿಸಿ ಸರ ಮಾಡಿಕೊಳ್ಳುತ್ತಾರೆ. ಅದು ಅಲೆ ಮಾಡಿದ ತೂತಲ್ಲ. ಶಂಖದ ಜಾತಿಯ ಬೇಟೆಗಾರ ಹುಳುವೊಂದು ಚಿಪ್ಪನ್ನು ತನ್ನ ಪಾದದಲ್ಲಿ ಅಪ್ಪಿ ಹಿಡಿದು, ಆಮ್ಲ ಸವರಿ ಮೆತ್ತಗೆ ಮಾಡಿ, ಅರದಂಥ ನಾಲಗೆಯಿಂದ ತಾಸುಗಟ್ಟಲೆ ಉಜ್ಜಿ ಕೊರೆದು, ಒಳಗಿನ ಜೀವವನ್ನು ತಿಂದ ಗುರುತು.

ತಿನ್ನುವ ಬಾಯಿಗಳು ಬಂದ ಮೇಲೆ ಸಮುದ್ರದಲ್ಲಿ ಕವಚಗಳು ಹೆಚ್ಚಿದವು. ಸುಮಾರು 51 ಕೋಟಿ ವರ್ಷಗಳ ಹಿಂದಿನ ಬೇಟೆಗಾರ ಅನೊಮಲೊಕೇರಿಸ್‌ನ ಕಥೆಯನ್ನು ನಾನು ತರಗತಿಯಲ್ಲಿ ಹೇಳದೆ ಬಿಟ್ಟದ್ದಿಲ್ಲ. ಕೆನಡಾದ ಬೆಟ್ಟಗಳಲ್ಲಿ ಸಿಕ್ಕ ಪ್ರಾಣಿ. 1892ರಲ್ಲಿ ಅದರ ಮುಂದಿನ ಬಾಗಿದ ಅಂಗ ಮಾತ್ರ ಸಿಕ್ಕಿದಾಗ ಅದನ್ನು ಸೀಗಡಿಯ ಜಾತಿಯ ಜೀವಿಯೆಂದು ಹೆಸರಿಟ್ಟರು. ಬಾಯಿ ಬೇರೆಯಾಗಿ ಸಿಕ್ಕಿತು. ಅದು ಅನಾನಸ್ ಹಣ್ಣಿನ ಬಿಲ್ಲೆಯ ಹಾಗೆ ನಡುವೆ ತೂತಿದ್ದ ವೃತ್ತ. ಅದನ್ನು ಚಾರ್ಲ್ಸ್ ವಾಲ್ಕಾಟ್ 1911ರಲ್ಲಿ ಲೋಳೆಮೀನು ಎಂದು ದಾಖಲಿಸಿದರು. ಹ್ಯಾರಿ ವಿಟಿಂಗ್ಟನ್ ಮತ್ತು ಡೆರೆಕ್ ಬ್ರಿಗ್ಸ್ 1985ರಲ್ಲಿ ಇವೆಲ್ಲ ಒಂದೇ ಬಗೆಯ ಪ್ರಾಣಿಯ ಭಾಗಗಳು ಎಂದು ತೋರಿಸಿದರು. ಹೆಚ್ಚುಕಡಿಮೆ ಒಂದು ಮೊಳ ಉದ್ದದ, ಆ ಕಾಲಕ್ಕೆ ದೈತ್ಯ ಎನ್ನಬೇಕಾದ ಬೇಟೆಗಾರ. ಆಸ್ಟ್ರೇಲಿಯಾದಲ್ಲಿ ಸಿಕ್ಕ ಅದರ ಒಂದೊಂದು ಕಣ್ಣಿನಲ್ಲೂ 16,000ಕ್ಕಿಂತ ಹೆಚ್ಚು ಮಸೂರಗಳಿದ್ದವು ಎಂದು 2011ರಲ್ಲಿ ಗೊತ್ತಾಯಿತು. ಈ ಬೇಟೆಗಾರನೇ ಟ್ರೈಲೊಬೈಟ್ ಎಂಬ ಕವಚದ ಸಮುದ್ರಜೀವಿಗಳನ್ನು ಪುಡಿ ಮಾಡಿ ತಿನ್ನುತ್ತಿತ್ತು ಎಂದು ಬಹಳ ಕಾಲ ನಂಬಿದ್ದೆವು. ಆದರೆ ಅದರ ಮುಂದಿನ ಅಂಗಗಳ ಬಲವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದ 2023ರ ಅಧ್ಯಯನ ಬೇರೆ ಮಾತು ಹೇಳಿತು. ಟ್ರೈಲೊಬೈಟಿನ ಗಟ್ಟಿ ಕವಚಕ್ಕೆ ಆ ಅಂಗಗಳು ಸಾಲವು, ಅವು ಮೆತ್ತನೆಯ ಜೀವಿಗಳನ್ನು ಹಿಡಿಯಲು ತಕ್ಕವು. ಕಣ್ಣಿನಲ್ಲಿ ಅಷ್ಟು ಮಸೂರಗಳಿದ್ದ ಸಮುದ್ರದ ರಾಜನನ್ನು ಒಂದು ಕವಚ ದೂರ ಇಟ್ಟಿತ್ತು.

ಮಿಕದ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಓದಿದವರು ಒಬ್ಬರಿದ್ದಾರೆ. ಅವರು ಅದನ್ನು ಕಣ್ಣಿನಿಂದ ಓದಿದವರಲ್ಲ. ಗೀರಾಟ್ ವರ್ಮೈ 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರು. ಎಳವೆಯಲ್ಲೇ ಎರಡೂ ಕಣ್ಣು ಕಳೆದುಕೊಂಡರು. ಮುಂದೆ ಅಮೆರಿಕದಲ್ಲಿ ಓದಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಪ್ರಾಧ್ಯಾಪಕರಾದರು. ಅವರ ಅಧ್ಯಯನದ ಉಪಕರಣ ಬೆರಳುಗಳು. ಶಂಖವೊಂದನ್ನು ಕೈಗೆ ತೆಗೆದುಕೊಂಡು ಸುರುಳಿಯ ಉದ್ದಕ್ಕೂ ಉಗುರು, ಬೆರಳ ತುದಿ ಆಡಿಸುತ್ತಾರೆ. ನುಣುಪಾಗಿ ಸಾಗಬೇಕಾದ ಗೆರೆ ಒಂದು ಕಡೆ ತಟ್ಟನೆ ಒರಟಾಗುತ್ತದೆ. ಅಂಕುಡೊಂಕಾದ ಏಣು ಸಿಗುತ್ತದೆ. ಅದು ಗಾಯದ ಕಲೆ. ಏಡಿಯೊಂದು ಇಕ್ಕಳದಿಂದ ಬಾಯಿಯ ಅಂಚನ್ನು ಮುರಿದಿದೆ, ಒಳಗಿನ ಹುಳು ಹಿಂದಕ್ಕೆ ಸರಿದು ಜೀವ ಉಳಿಸಿಕೊಂಡಿದೆ, ಆಮೇಲೆ ಮುರಿದಲ್ಲಿ ಹೊಸ ಚಿಪ್ಪು ಕಟ್ಟಿದೆ. ನೋಡುವವರು ಸುಂದರವಾದ ಬಣ್ಣ ಕಂಡು ಕೆಳಗಿಡುವ ಶಂಖದಲ್ಲಿ ಅವರು ಒಂದು ಬೇಟೆಯ ಪೂರ್ತಿ ವೃತ್ತಾಂತ ಓದಿದರು.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಶಂಖಗಳು ಅವರನ್ನು ಈ ದಾರಿಗೆ ಎಳೆದವು. ಆ ಬಿಸಿ ಸಮುದ್ರದ ಶಂಖಗಳು ದಪ್ಪ. ಅವುಗಳ ಬಾಯಿ ಇಕ್ಕಟ್ಟು, ಎಷ್ಟೋ ಶಂಖಗಳ ಬಾಯಿಯ ಅಂಚಿನಲ್ಲಿ ಹಲ್ಲಿನಂಥ ಉಬ್ಬುಗಳು. ಏಡಿಯ ಇಕ್ಕಳ ಒಳಹೊಗದಂತೆ ಕಟ್ಟಿಕೊಂಡ ಬಾಗಿಲುಗಳು ಅವು. ಅತ್ತ ಏಡಿಗಳನ್ನು ನೋಡಿ. ಕೆಲವು ಏಡಿಗಳ ಒಂದು ಇಕ್ಕಳ ಇನ್ನೊಂದಕ್ಕಿಂತ ದಪ್ಪ. ಕಲಪ್ಪ ಎಂಬ ಜಾತಿಯ ಏಡಿಯ ಬಲ ಇಕ್ಕಳದಲ್ಲಿ, ಶಂಖದ ಅಂಚನ್ನು ಚೂರು ಚೂರಾಗಿ ಸುಲಿಯಲೆಂದೇ ಒಂದು ವಿಶೇಷ ಹಲ್ಲಿದೆ. ಡೈನೊಸಾರ್‌ಗಳ ಕಾಲದಲ್ಲಿ ಸಮುದ್ರದೊಳಗೆ ಚಿಪ್ಪು ಒಡೆಯುವ ಬೇಟೆಗಾರರು ಹೆಚ್ಚಿದಂತೆ ಚಿಪ್ಪುಗಳೂ ಬಲಿತವು, ಬಲಿಯಲಾಗದ ಜೀವಿಗಳು ಮರಳಿನ ಆಳಕ್ಕೋ ಬೇಟೆಗಾರರು ಕಡಿಮೆ ಇರುವ ನೆಲೆಗೋ ಸರಿದವು ಎಂದು ವರ್ಮೈ 1977ರಲ್ಲಿ ನಿರೂಪಿಸಿದರು. ಈ ವಿಜ್ಞಾನಿಯ ಬಗ್ಗೆ ನನಗಿರುವ ಗೌರವವನ್ನು ಎಷ್ಟು ಹೇಳಿದರೂ ಕಡಿಮೆಯೇ. ಕಣ್ಣಿದ್ದ ನೂರಾರು ಜನ ಶಂಖಗಳನ್ನು ಆಕಾರ, ಬಣ್ಣ ನೋಡಿ ವಿಂಗಡಿಸಿ ಕಪಾಟಿನಲ್ಲಿ ಇಟ್ಟಿದ್ದರು. ಒಡೆದ ಶಂಖ ಯಾರಿಗೂ ಬೇಕಿರಲಿಲ್ಲ. ವರ್ಮೈಗೆ ಒಡೆದ ಶಂಖವೇ ಬೇಕಿತ್ತು.

ಷಿಕಾಗೊ ವಿಶ್ವವಿದ್ಯಾಲಯದ ಲೀ ವಾನ್ ವಾಲೆನ್ 1973ರಲ್ಲಿ ಇನ್ನೊಂದು ಕಡೆಯಿಂದ ಇಲ್ಲಿಗೇ ಬಂದಿದ್ದರು. ಲೂಯಿಸ್ ಕ್ಯಾರಲ್ ಅವರ ಕಥೆಯಲ್ಲಿ ಒಬ್ಬ ಕೆಂಪು ರಾಣಿ ಬರುತ್ತಾಳೆ. ಅವಳ ರಾಜ್ಯದಲ್ಲಿ ಇದ್ದಲ್ಲೇ ಇರಬೇಕಾದರೂ ಶಕ್ತಿ ಮೀರಿ ಓಡಬೇಕು. ಜೀವಜಾತಿಗಳ ಪಾಡೂ ಅದೇ ಎಂದರು ವಾನ್ ವಾಲೆನ್. ಎಷ್ಟು ಕೋಟಿ ವರ್ಷ ಬದುಕಿದ ಜಾತಿಯಾದರೂ ಅಳಿವಿನ ಅಪಾಯದಿಂದ ಪಾರಾಗುವುದಿಲ್ಲ, ಏಕೆಂದರೆ ಸುತ್ತಲಿನವರೂ ಬದಲಾಗುತ್ತಿರುತ್ತಾರೆ. 100ನೆಯ ರೂಪ ತಾಳಿ ರಾಜನಾಗಿ ನಿಲ್ಲಬಹುದಾದ ಶಿಖರ ಆಟದಲ್ಲಿದೆ. ಭೂಮಿಯ ಮೇಲೆ ಅಂಥ ಶಿಖರ ಇಲ್ಲ.

ರಾಜ ಎಂದೆ. ನಮ್ಮ ನಾಗರಹೊಳೆಯ ಹುಲಿಯ ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಅಲ್ಲಿನ ಹುಲಿ, ಚಿರತೆ, ಸೀಳುನಾಯಿಗಳನ್ನೂ ಅವುಗಳ ಆಹಾರವಾದ ಜಿಂಕೆ, ಕಡವೆ, ಕಾಟಿಗಳನ್ನೂ ಎಣಿಸಿ ಅಭ್ಯಾಸ ಮಾಡಿದವರು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು. ಇರುವ ಮಿಕಗಳಲ್ಲಿ ನೂರಕ್ಕೆ ಹತ್ತರಷ್ಟನ್ನು ಹುಲಿ ತಿನ್ನುತ್ತದೆ. ಹಾಗೆಂದರೆ ಒಂದು ಹುಲಿ ಬದುಕಲು ಕಾಡಿನಲ್ಲಿ 500ರಷ್ಟು ಮಿಕಗಳಿರಬೇಕು. ಒಂದು ಕಾಡಿನಲ್ಲಿ ಎಷ್ಟು ಹುಲಿ ಇರಬಲ್ಲವು ಎಂಬುದನ್ನು ಅಲ್ಲಿನ ಮಿಕಗಳ ಸಂಖ್ಯೆಯಿಂದಲೇ ಅಂದಾಜು ಮಾಡಬಹುದು ಎಂದು ಅವರ ತಂಡ 2004ರಲ್ಲಿ ತೋರಿಸಿಕೊಟ್ಟಿತು. ಹುಲಿಯನ್ನು ಬೇಟೆಯಾಡುವವರನ್ನು ತಡೆದು, ಜಿಂಕೆಯನ್ನು ಉರುಳು ಹಾಕಿ ಹಿಡಿಯುವವರನ್ನು ಬಿಟ್ಟರೆ ಹುಲಿ ಉಳಿಯುವುದಿಲ್ಲ. ಕ್ಯೂಬಿವೋರ್‌ನ ಕಥೆ ಮಾಡಿದವರು ಈ ಒಂದು ವಿಷಯದಲ್ಲಿ ಸತ್ಯವನ್ನು ಮುಟ್ಟಿದ್ದಾರೆ. ಎಲ್ಲವನ್ನೂ ಕಬಳಿಸಿದ ಬೇಟೆಗಾರನ ಕಾಡಿನಲ್ಲಿ ಹುಲ್ಲಿಗೂ ಬಣ್ಣ ಉಳಿಯುವುದಿಲ್ಲ.

ಅದಕ್ಕೇ ಹೇಳುತ್ತೇನೆ, ತಿಂದು ವಿಕಾಸವಾಗುವ ಆಟಗಳಲ್ಲಿ ನನ್ನ ಮೆಚ್ಚುಗೆ ಈ ಚೌಕ ಪ್ರಾಣಿಗಳಿಗೇ. ಸಾವನ್ನು ಅದು ಅಡಗಿಸುವುದಿಲ್ಲ. ಅಪ್ಪ ಮುಗಿದ ಮೇಲೆ ಮರಿ ಎನ್ನುವ ಕ್ರಮವನ್ನು ಅದು ಬಿಟ್ಟುಕೊಡುವುದಿಲ್ಲ. ತಿನ್ನುವುದಕ್ಕೆ ಮಿತಿ ಇರಬೇಕು ಎಂದು ಉಪದೇಶ ಮಾಡದೆ ತೋರಿಸುತ್ತದೆ. ಮಕ್ಕಳು ಇಂಥ ಆಟ ಆಡುತ್ತಾರೆ ಎಂದು ತಂದೆತಾಯಿ ಗಾಬರಿಯಾಗುವುದು ಬೇಡ. ಪಕ್ಕದಲ್ಲಿ ಕುಳಿತುಕೊಳ್ಳಿ. ನೀನು ತಿಂದ ಆ ಪ್ರಾಣಿಯ ಅಣ್ಣತಮ್ಮಂದಿರು ಈಗ ಏನು ಮಾಡಬೇಕು ಎಂದು ಒಂದು ಪ್ರಶ್ನೆ ಕೇಳಿ. ಮಕ್ಕಳು ಕೊಡುವ ಉತ್ತರಗಳು ಚೆನ್ನಾಗಿರುತ್ತವೆ. ಓಡಬೇಕು ಎನ್ನುತ್ತಾರೆ, ಅಡಗಬೇಕು ಎನ್ನುತ್ತಾರೆ, ಗುಂಪು ಕಟ್ಟಬೇಕು, ಕಹಿಯಾಗಬೇಕು, ಮುಳ್ಳು ಬೆಳೆಸಬೇಕು ಎನ್ನುತ್ತಾರೆ. ಪ್ರಕೃತಿ ಇವನ್ನೆಲ್ಲ ಮಾಡಿದೆ.

ಕೊನೆಗೆ ಒಂದು ವಿನಂತಿ. ಬೆಂಗಳೂರಿನಲ್ಲಿ ವಿಡಿಯೊ ಗೇಮ್ ತಯಾರಿಸುವ ಸಂಸ್ಥೆಗಳಿವೆ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕೇಂದ್ರದಲ್ಲಿ ಡಿಜಿಟಲ್ ಆಟಗಳ ವಿನ್ಯಾಸವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತಾರೆ. ಅಲ್ಲಿ ಕಲಿಯುತ್ತಿರುವ, ದುಡಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ಮಿಕದ ಕಡೆಯಿಂದ ಒಂದು ಆಟ ಮಾಡಿ. ಆಡುವವರು ಅಘನಾಶಿನಿ ಅಳಿವೆಯ ಬಳಚು ಎಂಬ ಒಂದು ಚಿಪ್ಪುಜೀವಿಯಾಗಿರಲಿ. ಕೊರೆಯುವ ಹುಳು ಬಂದಾಗ ಚಿಪ್ಪು ದಪ್ಪ ಮಾಡುವುದೋ, ಕೆಸರಿನ ಆಳಕ್ಕೆ ಇಳಿಯುವುದೋ, ಬೇಗ ಬೆಳೆದು ಬೇಗ ಮೊಟ್ಟೆ ಇಡುವುದೋ, ಪೀಳಿಗೆಯಿಂದ ಪೀಳಿಗೆಗೆ ಮಕ್ಕಳೇ ಆಡಿ ಕಂಡುಕೊಳ್ಳಲಿ. ಮಾಡುವುದಾದರೆ ಕನ್ನಡದಲ್ಲೇ ಮಾಡಿ, ಏಡಿ, ಶಂಖ, ಬಳಚುಗಳ ಹೆಸರುಗಳನ್ನು ನಮ್ಮ ಕರಾವಳಿಯ ಮೀನುಗಾರರನ್ನು ಕೇಳಿ ಬರೆದುಕೊಂಡು ಮಾಡಿ.